ಲೇಥಿನವರ ಅರ್ಧದ ಲೆಕ್ಕ

ನಮ್ಮ ಶೆಡ್ಡು ಇರುವುದು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಮಗ್ಗುಲಿಗೆ. ಒಳಗೆ ಕಾಲಿಟ್ಟರೆ ಒಂದು ಗೋಡೆಗೆ ಅಣ್ಣನ ಲೇಥು, ಎದುರು ಗೋಡೆಗೆ ನನ್ನ ಮಿಲ್ಲಿಂಗ್ ಮಷೀನು. ಅಣ್ಣ ನನಗಿಂತ ಸಾಕಷ್ಟು ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ನನಗೆ ಕಬ್ಬಿಣ ಹಿಡಿಯುವುದನ್ನು ಕಲಿಸಿದವನು ಅವನೇ. ಬೋರಗಾಂವದ ಪಾವರ್‌ಲೂಮಿನ ಶಾಫ್ಟು, ರಾಯಬಾಗ ಕಡೆಯ ಪಂಪಿನ ಶಾಫ್ಟು, ಕಾಗವಾಡದ ಕಬ್ಬಿನ ಟ್ರಾಲಿಯ ಪಿನ್ನು, ಏನೇ ಬಂದರೂ ದುಂಡಗಿನ ಕೆಲಸ ಅವನದು, ಮೂಲೆ ಇರುವ ಕೆಲಸ ನನ್ನದು. ಸ್ವಭಾವವೂ ಹಾಗೇ ಇತ್ತು ಅಂತ ವೈನಿ, ಅಂದರೆ ಅಣ್ಣನ ಹೆಂಡತಿ, ನಗುತ್ತಿದ್ದಳು.

ಲೇಥಿಗೂ ಮಿಲ್ಲಿಂಗಿಗೂ ಏನು ಫರಕು ಅಂತ ಮದುವೆ ಮನೆಗಳಲ್ಲಿ ಬೀಗರು ಕೇಳುತ್ತಾರೆ. ಊಟದ ಪಂಕ್ತಿಯಲ್ಲಿ ಕೂತು ಅದನ್ನು ವಿವರಿಸುವ ತಾಳ್ಮೆ ನನಗಿಲ್ಲ. ಎರಡು ಸಾಮಾನಿನ ಹೆಸರು ಹೇಳಿ ಮುಗಿಸುತ್ತೇನೆ. ಕುಂಬಾರನ ತಿಗರಿ ಲೇಥು: ಮಣ್ಣು ತಿರುಗುತ್ತದೆ, ಕೈ ನಿಂತಲ್ಲೇ ನಿಂತು ಆಕಾರ ಕೊಡುತ್ತದೆ. ಮಜ್ಜಿಗೆಯ ಕಡಗೋಲು ಮಿಲ್ಲಿಂಗು: ಗಡಿಗೆ ಕೂತಿರುತ್ತದೆ, ಕಡಗೋಲು ಒಳಗೆ ತಿರುಗುತ್ತದೆ. ಲೇಥಿನಲ್ಲಿ ಸುತ್ತುವುದು ಕಬ್ಬಿಣ. ಕತ್ತರಿಸುವ ಟೂಲು ಸುತ್ತುವುದಿಲ್ಲ, ಬರೀ ಹಿಂದೆ ಮುಂದೆ ಸರಿಯುತ್ತದೆ. ಮಿಲ್ಲಿಂಗಿನಲ್ಲಿ ಕಬ್ಬಿಣವನ್ನು ವೈಸಿನಲ್ಲಿ ಬಿಗಿದು ಕೂಡಿಸಿರುತ್ತೇವೆ, ಹಲ್ಲಿನ ಕಟರು ಗರಗರ ತಿರುಗಿ ಅದನ್ನು ಕೊರೆಯುತ್ತದೆ.

ಹಾಗಂತ ಒಂದು ಬಿಟ್ಟು ಇನ್ನೊಂದು ನಡೆಯುವುದಿಲ್ಲ. ಪಂಪಿನ ಶಾಫ್ಟು ಲೇಥಿನಲ್ಲಿ ದುಂಡಗಾಗಿ ನುಣುಪಾಗಿ ಹುಟ್ಟುತ್ತದೆ. ಆದರೆ ಅದರ ಮೇಲೆ ಕೂರುವ ಚಕ್ರ ಜಾರಬಾರದು ಅಂದರೆ ಒಂದು ಸಣ್ಣ ಉಕ್ಕಿನ ಕೀ ಬೇಕು, ಆ ಕೀ ಕೂರಲು ಶಾಫ್ಟಿನ ಮೈಮೇಲೆ ಉದ್ದಕ್ಕೊಂದು ಕಚ್ಚು ಬೇಕು. ಆ ಕಚ್ಚು ಹೊಡೆಯುವುದು ಮಿಲ್ಲಿಂಗು. ಅಣ್ಣ ಮುಗಿಸಿದ ಶಾಫ್ಟನ್ನು ಚಿಂದಿಯಿಂದ ಒರೆಸಿ ನನ್ನ ಕಡೆ ಚಾಚುತ್ತಿದ್ದ, ನಾನು ತೆಗೆದುಕೊಳ್ಳುತ್ತಿದ್ದೆ. ದಿನವೆಲ್ಲ ನಮ್ಮ ನಡುವೆ ಮಾತು ಕಡಿಮೆ, ಈ ಕೊಟ್ಟು ತಗೊಳ್ಳುವುದೇ ಹೆಚ್ಚು.

ಆಮೇಲೆ ಬೋರಗಾಂವದ ಕೆಲಸ ಜಾಸ್ತಿಯಾಯಿತು. ಒಂದೇ ಅಳತೆಯ ಶಾಫ್ಟು ರಾಶಿ ರಾಶಿ ಕೇಳತೊಡಗಿದರು. ನಾನು ಹಟ ಹಿಡಿದು, ಕೊಲ್ಲಾಪುರ ಕಡೆಯ ಒಂದು ಕಾರಖಾನೆಯವರು ಮಾರಲು ಇಟ್ಟಿದ್ದ ಹಳೆಯ ಸಿಎನ್‌ಸಿ ಲೇಥನ್ನು ಲಾರಿಯ ಮೇಲೆ ತಂದೆ. ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಲೇಥು. ಒಳಗೆ ಮಾಡುವುದು ಅಣ್ಣನ ಲೇಥಿನದ್ದೇ ಕೆಲಸ: ಚಕ್ಕು ಕಬ್ಬಿಣ ಹಿಡಿದು ತಿರುಗಿಸುತ್ತದೆ, ಟೂಲು ಬಂದು ಕೆರೆಯುತ್ತದೆ. ಆದರೆ ಟೂಲನ್ನು ಸರಿಸುವುದು ಮನುಷ್ಯನ ಕೈಯಲ್ಲ, ಎರಡು ಮೋಟಾರು. ಒಂದು ಶಾಫ್ಟಿನ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಲ್ಲಿ ಅಂತ ಮೊದಲೇ ಸಾಲು ಸಾಲಾಗಿ ಬರೆದುಕೊಟ್ಟಿರಬೇಕು. ಅದಕ್ಕೆ ಕಣ್ಣಿಲ್ಲ. ಕಬ್ಬಿಣದ ಮುಖ ಎಲ್ಲಿದೆ, ಟೂಲಿನ ಮೂಗು ಎಲ್ಲಿದೆ ಅಂತ ನಾವೇ ಮುಟ್ಟಿಸಿ ತೋರಿಸಬೇಕು. ಆಮೇಲೆ ಅದು ನಾವು ಹೇಳಿದ್ದನ್ನು ನಂಬುತ್ತದೆ, ತಪ್ಪು ಹೇಳಿದರೆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತದೆ. ಒಂದು ಟೂಲಿನ ಕೆಲಸ ಮುಗಿದರೆ ಟೂಲುಗಳ ಗಾಲಿ ತಾನೇ ತಿರುಗಿ ಮುಂದಿನದನ್ನು ಎದುರಿಗೆ ತರುತ್ತದೆ. ಇದೆಲ್ಲ ನಡೆಯುವುದು ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ, ಕಬ್ಬಿಣ ಕಾಯದಂತೆ ಬಿಳಿ ನೀರು ಸುರಿಯುತ್ತಿರುವಾಗ.

ಅಣ್ಣನಿಗೆ ಅದು ಸೇರಲಿಲ್ಲ. ಅವನು ಟೂಲು ಕಡಿಯುವ ಸಪ್ಪಳ ಕೇಳಿ, ಉದುರುವ ಸುರುಳಿಯ ಬಣ್ಣ ನೋಡಿ ಕೆಲಸ ಮಾಡುವವನು. "ಬಾಗಲಾ ಹಾಕ್ಕೊಂಡು ಕೆಲಸಾ ಮಾಡೂದು ಎಂಥಾದೋ? ಒಳಗ ಏನ ಮಾಡತೈತಿ ಅಂತ ಯಾರಿಗೆ ಗೊತ್ತು?" ಅಂದ. ತನ್ನ ಲೇಥಿನ ಚಕ್ಕನ್ನು ದಿನಾ ಬೆಳಿಗ್ಗೆ ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವನು, ಹೊಸದರ ಹತ್ತಿರ ಸುಳಿಯಲೂ ಇಲ್ಲ. ಮಿಲ್ಲಿಂಗು, ಸಿಎನ್‌ಸಿ ಎರಡನ್ನೂ ನಾನೇ ನಡೆಸಿದೆ. ಅದರ ಮೇಲೆ ಅವನು ಅಂಗಿ ಒಣಹಾಕಿದಾಗ ಮಾತ್ರ ನಮ್ಮಿಬ್ಬರಿಗೆ ಜಗಳವಾಯಿತು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಣ್ಣ ಹಲ್ಲುಜ್ಜಲು ಹೋದವನು ಅಲ್ಲೇ ಗೋಡೆಗೆ ಒರಗಿ ಕೂತ. ಲಕ್ವಾ. ಮಿರಜಿನ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಕಾಲಿಗೆ ನಿಧಾನವಾಗಿ ಬಲ ಬಂತು, ಆದರೆ ಬಲಗೈ ಮೊಣಕೈಯಿಂದ ಕೆಳಗೆ ಸುಮ್ಮನಾಯಿತು. ನಾಲಿಗೆ ತೊಡರುತ್ತಿತ್ತು. ಗುರುವಾರ ಅನ್ನಲು ಹೋಗಿ ಮಂಗಳವಾರ ಅನ್ನುತ್ತಿದ್ದ, ಅಂದ ಮೇಲೆ ತಪ್ಪಾಯಿತು ಅಂತ ಗೊತ್ತಾಗಿ ಮುಖ ತಿರುಗಿಸುತ್ತಿದ್ದ. ತಲೆಗೆ ಏನೂ ಆಗಿಲ್ಲ, ಬರೀ ಮಾತು ಹೊರಗೆ ಬರುವ ದಾರಿ ಕೆಟ್ಟಿದೆ, ಅದೂ ಸುಧಾರಿಸುತ್ತದೆ ಅಂತ ಡಾಕ್ಟರು ಹೇಳಿದರು. ಅಣ್ಣ ಅದನ್ನು ನಂಬಲಿಲ್ಲ.

ಮನೆಯಲ್ಲಿ ಕೂರಲಾರದೆ ಶೆಡ್ಡಿಗೆ ಬರತೊಡಗಿದ. ಬಾಗಿಲ ಹತ್ತಿರ ಅವನಿಗೊಂದು ಖುರ್ಚಿ ಹಾಕಿದೆವು. ಬರುವ ಗಿರಾಕಿಗಳು ಅವನನ್ನು ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. "ಆರಾಮದೀರೇನ್ರಿ? ಕೈ ಹೆಂಗೈತ್ರಿ?" ಅನ್ನುತ್ತಿದ್ದರು. ಅನ್ನುತ್ತಲೇ ಅವನನ್ನು ದಾಟಿ, ಕೈಯಲ್ಲಿದ್ದ ಮುರುಕು ಶಾಫ್ಟನ್ನು ನನ್ನ ಕಡೆ ತರುತ್ತಿದ್ದರು. ಅದು ಅವರ ತಪ್ಪಲ್ಲ. ಆದರೆ ಪ್ರತಿಯೊಂದು ಶಾಫ್ಟೂ ಅಣ್ಣನ ಮೂಗಿನ ಮುಂದಿನಿಂದ ಹೋಗುವುದನ್ನು ನಾನು ನೋಡಿದ್ದೇನೆ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವನು ನನ್ನನ್ನು ಹತ್ತಿರ ಕರೆದ. ಶಬ್ದಗಳನ್ನು ಒಂದೊಂದಾಗಿ ಹುಡುಕಿ ಕೇಳಿದ: "ಲೇ, ಖರೆ ಹೇಳು. ನನ್ನ ತಲಿ ನೆಟ್ಟಗೈತಿ?"

"ನೆಟ್ಟಗೈತಿ ಅಣ್ಣಾ."

"ಕೈ ಹ್ವಾದ್ರ ಹೋಗ್ಲಿ. ತಲಿ ಹೋಗಿದ್ರ ನಾ ಇಲ್ಲಿ ಬಂದ ಕುಂದ್ರೂದಿಲ್ಲ."

ಏನೂ ಆಗಿಲ್ಲ ಅಂತ ನಾನು ಇನ್ನೊಮ್ಮೆ ಹೇಳಿದೆ. ಬಹಳ ಬೇಗ ಹೇಳಿದೆ ಅಂತ ಕಾಣುತ್ತದೆ, ಅವನು ನನ್ನ ಮುಖವನ್ನೇ ನೋಡಿದ.

ಅವನನ್ನು ಸಿಎನ್‌ಸಿಯ ಮುಂದೆ ಕೂಡಿಸಬೇಕು ಅಂತ ನನಗೆ ಹೊಳೆದದ್ದು ಆವತ್ತು. ಹಳೆಯ ಲೇಥಿಗೆ ಎರಡು ಕೈ ಬೇಕೇ ಬೇಕು. ಒಂದು ಕೈ ಉದ್ದಕ್ಕೆ ಸರಿಸುವ ಚಕ್ರದ ಮೇಲೆ, ಇನ್ನೊಂದು ಟೂಲನ್ನು ಒಳಗೆ ಒತ್ತುವ ಹಿಡಿಕೆಯ ಮೇಲೆ. ಚಕ್ಕು ಬಿಗಿಯುವುದಕ್ಕಂತೂ ಎರಡೂ ಕೈ ಸಾಲದೆ ಹೆಗಲನ್ನೂ ಹಚ್ಚಬೇಕು. ಹೊಸದರಲ್ಲಿ ಚಕ್ಕು ಬಿಚ್ಚಿ ಮುಚ್ಚಲು ಕಾಲಡಿಯ ಪೆಡಲು ಇದೆ. ಒಂದು ಕೈಯಲ್ಲಿ ಕಬ್ಬಿಣ ಇಟ್ಟು ಹಿಡಿದು ಕಾಲಿನಿಂದ ಒತ್ತಿದರೆ ಅದು ಕಚ್ಚಿ ಹಿಡಿಯುತ್ತದೆ. ಬಾಗಿಲು ಎಳೆಯುವುದು, ಗುಂಡಿ ಒತ್ತುವುದು, ಇದೆಲ್ಲ ಒಂದು ಕೈಯ ಕೆಲಸ.

ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಕಾರಣ ಕೇಳಿದರೆ ಎಡಗೈಯನ್ನು ಎತ್ತಿ ತೋರಿಸಿದ. ಮಷೀನಿಗೆ ಎಡಗೈ ಹಚ್ಚಬಾರದಂತೆ. ದಸರೆಯಲ್ಲಿ ಖಂಡೆಪೂಜೆಯ ದಿನ ಕುಂಕುಮ ಹಚ್ಚಿ ಕೈಮುಗಿಯುವ ಮಷೀನು, ಅದಕ್ಕೆ ಎಡಗೈ ಹಚ್ಚಿ ಕೆಲಸ ಸುರುಮಾಡಬೇಕೇ ಅಂತ. ನನಗೆ ಸಿಟ್ಟು ಬಂತು. ಮಷೀನಿಗೇನು ಗೊತ್ತು ಎಡ ಬಲ, ಹಿಂದೆ ಅದರ ಮೇಲೆ ಅಂಗಿ ಒಣಹಾಕಿದಾಗ ಎಲ್ಲಿತ್ತು ಈ ಭಕ್ತಿ ಅಂತ ಕೂಗಾಡಿದೆ.

ಬುತ್ತಿ ತಂದ ವೈನಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬುತ್ತಿ ಕೆಳಗಿಟ್ಟು ಅಣ್ಣನ ಎದುರು ಬಂದಳು. "ಹಂಗಾರ ಇಷ್ಟ ವರ್ಷ ನಿಮಗ ರೊಟ್ಟಿ ಬಡದದ್ದು ಯಾವ ಕೈಲೆ ಅಂತ ತಿಳ್ಕೊಂಡೀರಿ? ನಾ ಎಡಚಿ ಅನ್ನೂದು ಗೊತ್ತಿಲ್ಲೇನ್ರಿ ನಿಮಗ? ಅತ್ತಿ ಬೈದ್ರು, ನಮ್ಮವ್ವ ಬರಿ ಹಾಕೇನಂದ್ಳು, ಆದ್ರೂ ರೊಟ್ಟಿ ಮಾತ್ರ ಈ ಕೈಲೇ ಬಡದೇನಿ. ನಿಮ್ಮ ಹೊಟ್ಟಿಗಿ ಏನೂ ಆಗಿಲ್ಲ. ಆ ಕಬ್ಬಣಕ್ಕ ಏನ ಆಕ್ಕೈತಿ?"

ವೈನಿ ರೊಟ್ಟಿ ಬಿಚ್ಚಿ, ಪುಂಡಿಪಲ್ಲೆ ಹಾಕಿ, ಎಡಗೈಯಿಂದಲೇ ಅವನ ಮುಂದೆ ಇಟ್ಟಳು. ಅವನು ಆ ಕೈಯನ್ನು ಹೊಸದಾಗಿ ನೋಡುವವನಂತೆ ನೋಡಿದ, ಆಮೇಲೆ ತನ್ನ ಎಡಗೈಯಿಂದ ರೊಟ್ಟಿ ಮುರಿದ. ಊಟವಾದ ಮೇಲೆ ಕೇಳಿದ: "ಎಲ್ಲಿ ಒತ್ತಬೇಕೋ ಅದನ್ನ?"

ಕಲಿಯುವುದರಲ್ಲಿ ಅವನಿಗೆ ತ್ರಾಸಾಗಲಿಲ್ಲ. ಮಷೀನಿಗೆ ಸಾಲು ಬರೆಯುವ ಕೆಲಸ ನನಗೆ ಬಿಟ್ಟ. ಕಬ್ಬಿಣ ಹಾಕಿ, ಬಾಗಿಲು ಎಳೆದು, ಸುರುಮಾಡಿ, ಹೊರಬಂದ ಶಾಫ್ಟನ್ನು ಅಳೆಯುವುದು ಅವನದು. ಒಂದೇ ಕೈಯಲ್ಲಿ ಮೈಕ್ರೋಮೀಟರು ಹಿಡಿದು ತಿರುಗಿಸಲಾಗದು ಅಂತ ಅದನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿಕೊಟ್ಟೆ. ಟೂಲಿನ ತುದಿ ಸವೆದಂತೆ ಶಾಫ್ಟು ಸ್ವಲ್ಪ ದಪ್ಪ ಬರುತ್ತದೆ. ಎಷ್ಟು ದಪ್ಪ ಬಂತೋ ಅದನ್ನು ಮಷೀನಿನಲ್ಲಿ ಒತ್ತಿ ಹೇಳಿದರೆ ಮುಂದಿನ ಶಾಫ್ಟಿಗೆ ಅದು ತಿದ್ದಿಕೊಳ್ಳುತ್ತದೆ. ಈ ತಿದ್ದುವುದು ಇದೆಯಲ್ಲ, ಸಿಎನ್‌ಸಿಯಲ್ಲಿ ಮನುಷ್ಯನಿಗೆ ಉಳಿದಿರುವ ಕಸುಬು ಅದೇ. ಅಂಕಿಯ ಗುಂಡಿಗಳನ್ನು ತೋರಿಸಿಕೊಟ್ಟು, ನಾನು ಪಕ್ಕದಲ್ಲಿ ನಿಂತರೆ ಅವನಿಗೆ ಮುಜುಗರ ಅಂತ ನನ್ನ ಮಿಲ್ಲಿಂಗಿಗೆ ಬಂದೆ.

ಮಷೀನು ಸುರುವಾಯಿತು, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಸುರುವಾಯಿತು, ನಿಂತಿತು. ಮೂರನೆಯ ಸಲ ನಿಂತದ್ದು ಮತ್ತೆ ಸುರುವಾಗಲಿಲ್ಲ. ತಿರುಗಿ ನೋಡಿದರೆ ಅಣ್ಣ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಏನಾತು ಅಣ್ಣಾ?"

"ಹೋಗೇತಿ," ಅಂದ.

"ಏನ್ ಹೋಗೇತಿ?"

"ತಲಿ. ನಾ ಹೇಳೂದು ಒಂದು, ಅದು ಮಾಡೂದು ಇನ್ನೊಂದು. ನೋಡು."

ಅವನ ಮುಂದೆ ಮೂರು ಶಾಫ್ಟುಗಳಿದ್ದವು. ಅಳೆದೆ. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತು ಪಾಲು ದಪ್ಪ ಮೊದಲನೆಯದು. ಎರಡನೆಯದು ಹತ್ತು ಪಾಲು ದಪ್ಪ. ಮೂರನೆಯದು ಐದು. ಕಡಿಮೆಯಾಗುತ್ತ ಬಂದಿದೆ, ಆದರೆ ಮುಟ್ಟಬೇಕಾದ ಅಳತೆ ಮುಟ್ಟಿಲ್ಲ. ಟೂಲು ಸಡಿಲಾಗಿದೆಯೇನೋ ಅಂತ ನೋಡಿದೆ, ಬಿಗಿಯಾಗಿತ್ತು. ಡಾಕ್ಟರು ಹೇಳಿದ್ದು ಸುಳ್ಳಿರಬಹುದೇ ಅಂತ ಒಂದು ಗಳಿಗೆ ನನಗೂ ಅನಿಸಿತು.

"ಮೊದಲನೇದು ಇಪ್ಪತ್ತು ದಪ್ಪ ಬಂತಲಾ, ಎಷ್ಟು ಹೊಡದಿ?"

"ಹತ್ತು."

"ಇಪ್ಪತ್ತು ದಪ್ಪ ಇದ್ರ ಹತ್ತ ಯಾಕ ಹೊಡದಿ?"

ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಲಕ್ವಾ ಹೊಡೆದದ್ದು ತನಗೋ ಇವನಿಗೋ ಅನ್ನುವಂತೆ ನೋಡಿದ. ನಿಧಾನವಾಗಿ, ಒಂದು ಶಬ್ದವೂ ತಪ್ಪದೆ ಹೇಳಿದ: "ಇಪ್ಪತ್ತು ಇಳೀಬೇಕಂದ್ರ ಹತ್ತ ಒತ್ತಬೇಕು. ತಿರಗೂ ಜಿನ್ಸು ಐತಿ, ಎರಡೂ ಮಗ್ಗಲದಾಗ ಹೋಗತೈತೆಲಾ. ಅಷ್ಟೂ ಗೊತ್ತಿಲ್ಲೇನ್ ನಿನಗ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ, ನಗು ತಡೆಯಲಾಗಲಿಲ್ಲ.

ವಿಷಯ ಇಷ್ಟೇ. ಲೇಥಿನಲ್ಲಿ ಕಬ್ಬಿಣ ತಿರುಗುತ್ತಿರುವುದರಿಂದ ಟೂಲು ಒಂದು ಕೂದಲು ಒಳಗೆ ಹೋದರೆ ಶಾಫ್ಟು ಎರಡು ಕೂದಲು ತೆಳ್ಳಗಾಗುತ್ತದೆ, ಸುತ್ತಲೂ ಹೋಗುತ್ತದಲ್ಲ. ಹಾಗಾಗಿ ಅಣ್ಣನ ಹಳೆಯ ಲೇಥಿನಲ್ಲಿ ಎಷ್ಟು ತೆಗೆಯಬೇಕೋ ಅದರ ಅರ್ಧ ಒತ್ತಬೇಕು. ಲೇಥಿನವರು ಈ ಅರ್ಧವನ್ನು ಲೆಕ್ಕ ಹಾಕುವುದಿಲ್ಲ, ಉಸಿರಾಡಿದಂತೆ ಮಾಡುತ್ತಾರೆ. ಸಿಎನ್‌ಸಿ ಲೇಥಿಗೆ ನಾವು ಶಾಫ್ಟಿನ ದಪ್ಪವನ್ನೇ ಹೇಳುತ್ತೇವೆ. ಇಪ್ಪತ್ತು ಇಳಿಸು ಅಂದರೆ ಅದೇ ಒಳಗೆ ಅರ್ಧ ಮಾಡಿಕೊಂಡು ಹತ್ತು ಸರಿಯುತ್ತದೆ. ಅಣ್ಣ ಒಮ್ಮೆ ಅರ್ಧ ಮಾಡಿ ಕೊಟ್ಟ, ಅದು ಇನ್ನೊಮ್ಮೆ ಅರ್ಧ ಮಾಡಿತು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಸಾಯುವ ತನಕ ಅಳತೆ ಮುಟ್ಟುವುದಿಲ್ಲ. ನನಗೆ ಇದನ್ನು ಮೊದಲೇ ಹೇಳಬೇಕು ಅಂತ ಹೊಳೆದಿರಲೇ ಇಲ್ಲ. ಮಿಲ್ಲಿಂಗಿನಲ್ಲಿ ಕಬ್ಬಿಣ ತಿರುಗುವುದಿಲ್ಲ, ಹತ್ತು ಇಳಿದರೆ ಹತ್ತೇ ಹೋಗುತ್ತದೆ, ಅರ್ಧ ಅನ್ನುವ ಮಾತೇ ನಮ್ಮಲ್ಲಿಲ್ಲ. ನಾನು ಈ ಮಷೀನಿಗೆ ಬಂದ ಮೊದಲ ದಿನವೇ ಇಪ್ಪತ್ತಕ್ಕೆ ಇಪ್ಪತ್ತು ಒತ್ತಿದ್ದೆ, ಸರಿ ಬಂದಿತ್ತು, ಯಾಕೆ ಸರಿ ಬಂತು ಅಂತ ಕೇಳಿಕೊಂಡಿರಲಿಲ್ಲ.

ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ಬಾಗಿಲು ಮುಚ್ಚಿದ ಮಷೀನಿನ ಕಡೆ ನೋಡಿದ. "ಹಂಗಾರ ಅರ್ಧಾ ಅದ ಮಾಡ್ಕೊಂತೈತಿ?"

"ಹೂಂ. ಅಣ್ಣಾ, ತಲಿ ಹ್ವಾದವಗ ಈ ತಪ್ಪು ಮಾಡಾಕ ಬರಂಗಿಲ್ಲ. ಇದು ಲೇಥಿನ್ಯಾಗ ಹುಟ್ಟಿ ಬೆಳದವ ಅಷ್ಟ ಮಾಡೂ ತಪ್ಪು. ನಾ ಮಾಡ್ತೇನಂದ್ರೂ ನನಗ ಬರೂದಿಲ್ಲ."

ಗುರುವಾರಕ್ಕೆ ಮಂಗಳವಾರ ಅಂದ ನಾಲಿಗೆ ಬೇರೆ, ಇಪ್ಪತ್ತಕ್ಕೆ ಹತ್ತು ಅಂದ ತಲೆ ಬೇರೆ. ಆ ತಲೆ ಎಲ್ಲಿಯೂ ಹೋಗಿರಲಿಲ್ಲ. ಅದು ಅವನಿಗೆ ತಿಳಿಯುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು, ಸರಿಯಾಗಿರುವ ಎಡಗಡೆಯಲ್ಲಿ ಮೊದಲು, ಆಮೇಲೆ ಸೊಟ್ಟಗಾದ ಬಲಗಡೆಯಲ್ಲೂ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಎದ್ದು ನಿಂತು ಮೂರನೆಯ ಶಾಫ್ಟಿನ ಲೆಕ್ಕಕ್ಕೆ ಐದಕ್ಕೆ ಐದೇ ಒತ್ತಿದ, ಹೊಸ ಕಬ್ಬಿಣ ಹಾಕಿ ಪೆಡಲು ತುಳಿದ. ಆ ಶಾಫ್ಟು ಅಳತೆಗೆ ಬಂತು. ಹಿಂದಿನ ಮೂರೂ ಕೆಡಲಿಲ್ಲ. ದಪ್ಪ ಉಳಿದದ್ದನ್ನು ತೆಗೆಯಬಹುದು, ತೆಗೆದದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ ಅಂತ ನಮ್ಮ ಧಂದೆಯವರು ಅನ್ನುತ್ತಾರೆ. ಅವನ ತಪ್ಪು ದಪ್ಪ ಉಳಿಸುವ ಜಾತಿಯದಾಗಿತ್ತು.

ಅದಾದ ಮೇಲೆ ಅವನ ಖುರ್ಚಿ ಬಾಗಿಲಿಂದ ಒಳಗೆ, ಮಷೀನಿನ ಪಕ್ಕಕ್ಕೆ ಬಂತು. ಆದರೆ ಗಿರಾಕಿಗಳಿಗೆ ಇದು ಗೊತ್ತಾಗಲು ಹೊತ್ತು ಹಿಡಿಯಿತು. ಬೋರಗಾಂವದ ಮಾಲು ಅವನ ಕೈಯಿಂದಲೇ ಹೋಗುತ್ತಿತ್ತು, ಆದರೂ ಬಂದವರು ಸೀದಾ ನನ್ನ ಕಡೆಯೇ ಬರುತ್ತಿದ್ದರು. ಅಣ್ಣ ಮಷೀನಿನ ಕಡೆ ಮುಖ ಮಾಡಿಕೊಳ್ಳುತ್ತಿದ್ದ.

ಕಬ್ಬಿಗೆ ನೀರು ಬಿಡುವ ದಿನಗಳಲ್ಲಿ ದಿಗ್ಗೇವಾಡಿಯ ಒಬ್ಬ ಹಿರಿಯರು ಹೊಳೆ ಪಂಪಿನ ಸವೆದ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ ತಂದರು. ನನ್ನ ಕಡೆ ಬರತೊಡಗಿದರು. ನಾನು ಬೇಕಂತಲೇ ಬೆನ್ನು ತಿರುಗಿಸಿ, ಸ್ವಚ್ಛವಿದ್ದ ವೈಸನ್ನೇ ತಿಕ್ಕುತ್ತ ನಿಂತೆ. ಹಿಂದೆ ಗೋಣಿಚೀಲ ನೆಲಕ್ಕಿಟ್ಟ ಸಪ್ಪಳವಾಯಿತು. ಆಮೇಲೆ ಅಣ್ಣನ ದನಿ ಬಂತು: "ಇಲ್ಲಿ ತರ್ರಿ." ತಿರುಗಿ ನೋಡಿದೆ. ಅವನು ಶಾಫ್ಟನ್ನು ಸ್ಟ್ಯಾಂಡಿನಲ್ಲಿಟ್ಟು ಅಳೆಯುತ್ತಿದ್ದ. ಹಿರಿಯರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಪಂಪು ಹೇಗೆ ಗುಂಯ್‌ಗುಡುತ್ತದೆ ಅಂತ ಅವನಿಗೆ ಹೇಳುತ್ತಿದ್ದರು.

ಅಣ್ಣ ಬಾಯಲ್ಲಿ ಅಳತೆ ಹೇಳಿದ, ನಾನು ಸಾಲು ಬರೆದುಕೊಟ್ಟೆ. ಮಧ್ಯಾಹ್ನಕ್ಕೆ ಹೊಸ ಶಾಫ್ಟು ಹೊಳೆಯುತ್ತ ಹೊರಬಂತು. ನಾನು ಅದಕ್ಕೆ ಕಚ್ಚು ಹೊಡೆದು ತಂದೆ, ಮುಗಿಯಿತು ಅಂತ ಗೋಣಿಚೀಲಕ್ಕೆ ಕೈ ಹಾಕಿದೆ. ಅಣ್ಣ ಕೈ ಅಡ್ಡ ಹಿಡಿದ. ಕೀಯನ್ನು ತಾನೇ ತೆಗೆದುಕೊಂಡು ಕಚ್ಚಿನಲ್ಲಿ ಇಟ್ಟು ಹೆಬ್ಬೆರಳಿನಿಂದ ಒತ್ತಿದ. ಅದು ಅರ್ಧಕ್ಕೆ ಕೂತು ನಿಂತಿತು.

"ಬಿಗಿ ಐತಿ," ಅಂದ.

"ಸುತ್ತಿಗಿಲೆ ಒಂದ ಬಡದ್ರ ಕುಂದರತೈತಿ ಅಣ್ಣಾ," ಅಂದೆ.

ಹಿರಿಯರು ಎದ್ದು ನಿಂತು ನನ್ನನ್ನು ನೋಡಿದರು, ಅವನನ್ನು ನೋಡಿದರು, ಕೇಳಿದ್ದು ಮಾತ್ರ ಅವನನ್ನು: "ಯಾವಾಗ ಬರ್ಲಿ ಮಿಸ್ತ್ರಿ?"

ಅಣ್ಣ ಶಾಫ್ಟನ್ನು ನನ್ನ ಕೈಗೆ ವಾಪಸು ಇಟ್ಟ. "ನಂದ ಮುಗದೈತ್ರಿ," ಅಂದ. "ನಮ್ಮ ತಮ್ಮ ತನ್ನ ಕೆಲಸಾ ನೆಟ್ಟಗ ಮಾಡಿದ್ರ ಸಂಜಿಕ ಬರ್ರಿ."

ಗಿರಾಕಿಯ ಎದುರು ನನ್ನ ಮಾನ ಹೋಯಿತು. ನಾನು ಮಿಲ್ಲಿಂಗಿನ ಕಡೆ ನಡೆದೆ, ಶಾಫ್ಟನ್ನು ವೈಸಿನಲ್ಲಿ ಕೂಡಿಸಿ ಬಿಗಿದೆ. ಆದರೆ ಮಷೀನು ಸುರುಮಾಡಲು ಸ್ವಲ್ಪ ಹೊತ್ತು ಕಾಯಬೇಕಾಯಿತು, ಕಣ್ಣು ತುಂಬಿಕೊಂಡು ಕಟರು ಕಾಣುತ್ತಿರಲಿಲ್ಲ.